ಈಜಾಡುವ ಮೀನಿಗೆ ಹುಳಿ ಹಿಂಡಿದೆ

ಎರಡು ಮೂಟೆ ಹಳೆ ಹುಣಸೆಹಣ್ಣು, ಒಂದು ಮೂಟೆ ಸುಣ್ಣ, ಹೆಂಡತಿ ಸಾಕಿದ ಮೀನಿನಲ್ಲಿ ಅರ್ಧ. ಈ ಜ್ಞಾನ ಸಂಪಾದನೆಗೆ ನನಗೆ ತಗುಲಿದ ವೆಚ್ಚ ಇಷ್ಟು. ಹುಣಸೆಹಣ್ಣನ್ನು ಮಾತ್ರ ಚೌಕಾಸಿ ಮಾಡಿ ಪುಕ್ಕಟೆ ತಂದಿದ್ದೆ. ಎಡವಟ್ಟಾಗಿದ್ದೇ ಅಲ್ಲಿ!

ತೋವಿನಕೆರೆ ಬಳಿಯ ನಮ್ಮ ಹೊಲದಲ್ಲಿ ಟಾರ್ಪಾಲು ಹಾಸಿದ ಪುಟ್ಟ ಕೃಷಿಹೊಂಡವಿದೆ. ಅದರ ಮಳೆನೀರಿನಲ್ಲಿ ಹೆಂಡತಿ ಜಯಮ್ಮ ಮರಿಯಿಂದ ಸಾಕಿದ ಕಾಟ್ಲಾ ಮೀನು. ಮಾರಿ ಹೊಲಿಗೆ ಯಂತ್ರ ಕೊಳ್ಳುವುದು ಅವಳ ಆಸೆ. ಸಿರಾದ ವ್ಯಾಪಾರಿ ಭಾನುವಾರ ನೋಡಲು ಬರುವವನಿದ್ದ. ನೀರೋ, ಪಾಚಿಹಸಿರು. ಸರಕು ಕಾಣದೆ ಬೆಲೆ ಏರುತ್ತದೆಯೇ? ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಫಳಫಳ ಮಾಡುತ್ತದೆ. ಹೊಂಡವೂ ದೊಡ್ಡ ಚೊಂಬು ತಾನೆ! ಎರಡೂ ಮೂಟೆ ಕಿವುಚಿ ಸುರಿದೆ.

ಮೂರನೇ ದಿನ ಮೀನುಗಳ ಮೈ ಬೆಳ್ಳಗಾಗಿತ್ತು.

"ಲೇ, ನೋಡ್ದಾ? ಮೀನಿಗೂ ಪಾಲಿಸ್ ಬಂದ್ಬುಡ್ತು!"

"ಪಾಲಿಸ್ ಅಲ್ಲ ಕಣ್ರೀ, ಬೂಷ್ಟು! ನೀರಿಗೇನ್ ಹಾಕ್ಬುಟ್ರಿ?"

"ಹುಣಸೇಹಣ್ಣು."

"ಅಯ್ಯೋ, ಹುಳಿ ಹಾಕದು ಕೊಯ್ದಾದ್ಮೇಲೆ! ಈಜಾಡೋ ಮೀನಿಗೆ ಹಾಕಿದ್ದು ನೀವೊಬ್ರೇ!"

"ನಾವು ದಿನಾ ಹುಳಿಸಾರು ಉಣ್ಣಲ್ವಾ? ನಮ್ಗೇನಾಗೈತೆ?"

"ಉಣ್ತೀರಿ. ಸಾರೊಳ್ಗೇ ಸಂಸಾರ ಮಾಡ್ತೀರಾ?"

ಮೀನುಗಾರಿಕೆ ಇಲಾಖೆಯವರಿಗೆ ಫೋನು ಮಾಡಿದಳು. ನೀರು ಹುಳಿಯಾದರೆ ಮೀನಿನ ಮೈಮೇಲಿನ ಲೋಳೆ ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಬೂಷ್ಟು ಹತ್ತುತ್ತದೆ. ಅಳೆದು ನೋಡುತ್ತಾ ಕೃಷಿ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಎಂದರು. ಸ್ವಲ್ಪ ಸ್ವಲ್ಪ ಹಾಕುತ್ತಾ ಕೂತರೆ ಭಾನುವಾರ ಕಾಯುತ್ತದೆಯೇ! ಗೋಡೆಗೆ ಬಳಿಯಲು ತಂದಿದ್ದ ಸುಣ್ಣವನ್ನು ಮೂಟೆ ಸಮೇತ ಕವುಚಿದೆ. ಹೊಂಡದ ನೀರು ಹಾಲಿನಂತಾಯಿತು. ಮೀನುಗಳು ದಡಕ್ಕೇ ಹಾರತೊಡಗಿದವು!

ಜಯಮ್ಮ ಸೀರೆ ಎತ್ತಿಕಟ್ಟಿ ಇಳಿದಳು. ಸಿಕ್ಕಷ್ಟು ಮೀನನ್ನು ಬಲೆಯಲ್ಲಿ ಬಾಚಿ ದನಗಳ ನೀರಿನ ತೊಟ್ಟಿಗೆ ಬಿಟ್ಟಳು. ಬದುಕಿದ್ದು ಅರ್ಧ. ನಮ್ಮ ಎಮ್ಮೆ ತೊಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನೀರು ಮುಟ್ಟದೆ ಹೋಯಿತು.

ಭಾನುವಾರ ವ್ಯಾಪಾರಿ ಜಯಮ್ಮನಿಂದ ನಡೆದದ್ದನ್ನೆಲ್ಲ ಕೇಳಿ ತೊಟ್ಟಿಗೆ ಬಗ್ಗಿ ನೋಡಿದ.

"ಅರೆ ಯಜಮಾನ್ರೆ, ಹುಳಿ ಆಯ್ತು, ಸುಣ್ಣ ಆಯ್ತು, ಇನ್ನ ಮಸಾಲಾ ಒಂದೇ ಬಾಕಿ! ವಾಸಿ ಆದ್ಮೇಲೆ ಬರ್ತೀನಿ."

ಜಯಮ್ಮ ಹೊಂಡ ತೊಳೆದು ಹೊಸ ನೀರು ಬಿಟ್ಟು ಆರೈಕೆ ಮಾಡಿದಳು. ಮೀನುಗಳು ಚೇತರಿಸಿಕೊಂಡವು. ವ್ಯಾಪಾರಿ ಮತ್ತೆ ಬಂದಾಗ ಚೌಕಾಸಿಯನ್ನೂ ಅವಳೇ ಮಾಡಿದಳು. ನಾನು ಮನಸ್ಸಿನಲ್ಲಿಟ್ಟಿದ್ದ ಬೆಲೆಗಿಂತ ಹೆಚ್ಚೇ ಸಿಕ್ಕಿತು! ಹಳೆಯದಾದರೂ ಸರಿ, ಹೊಲಿಗೆ ಯಂತ್ರ ಮನೆಗೆ ಬಂತು.

ಆದ್ದರಿಂದ ಓದುಗ ಮಹಾಶಯರೇ, ನೀರಿನ ಹುಳಿ ಅಳೆಯುವ ಕಾಗದ ತಂದಿಡಿ. ಹಸಿರು ನೀರನ್ನು ಕಂಡು ಹೆದರಬೇಡಿ, ಅದರಲ್ಲೇ ಮೀನಿನ ಮೇವಿದೆ. ಸುಣ್ಣ ಹಾಕುವ ಮುನ್ನ ತಿಳಿದವರನ್ನು ಕೇಳಿ. ಅನುಮಾನವಿದ್ದರೆ ನಮ್ಮ ಹೊಲಕ್ಕೇ ಬನ್ನಿ, ಜಯಮ್ಮ ಹೇಳಿಕೊಡುತ್ತಾಳೆ. ನಾನು ಬೇಲಿಯ ಆಚೆ ನಿಂತಿರುತ್ತೇನೆ. ಹೊಂಡದ ಬಳಿಗೆ ನನಗೆ ಪ್ರವೇಶವಿಲ್ಲ!