ಮಾವನ ಕಣಧಾರೆ

ನನ್ನ ಸೋದರಮಾವನ ಕಣ್ಣಿಗೆ ಜನ ಕಾಣುತ್ತಿರಲಿಲ್ಲ, ಬರೀ ಕಣಗಳೇ ಕಾಣುತ್ತಿದ್ದವು ಎಂದರೆ ನೀವು ನಂಬಲೇಬೇಕು! ತೊಂಬತ್ತರ ದಶಕದಲ್ಲಿ ಅವರು ಮುಂಬೈ ಬಳಿಯ ಕಲ್ಯಾಣದ ಕಾಲೇಜೊಂದರಲ್ಲಿ ಬಿಎಸ್ಸಿಯವರಿಗೆ ಭೌತಶಾಸ್ತ್ರ ಹೇಳುತ್ತಿದ್ದರು. ನನ್ನ ಗ್ರಹಚಾರ, ನಾನೂ ಅದೇ ಕ್ಲಾಸಿನಲ್ಲಿದ್ದೆ. ವೇಗವರ್ಧಕ ಯಂತ್ರದೊಳಗೆ ಕಣಗಳ ಧಾರೆ, ಮಾವನ ಬಾಯಲ್ಲಿ ‘ಬೀಮ್’, ಹೇಗೆ ಓಡುತ್ತದೆ ಎನ್ನುವುದು ಸಿಲೆಬಸ್ಸಿನಲ್ಲಿ ಅರ್ಧ ಪುಟ. ಮಾವನಿಗೆ ಅರ್ಧ ವರ್ಷ.

ಪಾಠ ನಡೆಯುತ್ತಿದ್ದದ್ದಾದರೂ ಎಲ್ಲಿ? ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಮೇಲೆ! ಲೋಕಲ್ ರೈಲಿನ ಬಾಗಿಲಲ್ಲಿ ಜನ ಎಡಬಲದಿಂದ ಒತ್ತಿಸಿಕೊಂಡು ಹಿಂದೆ ಮುಂದೆ ಉಬ್ಬುವುದನ್ನು ತೋರಿಸಿ, ಯಂತ್ರದ ಅಯಸ್ಕಾಂತವೂ ಹೀಗೆಯೇ, ಧಾರೆಯನ್ನು ಒಂದು ದಿಕ್ಕಿನಲ್ಲಿ ಹಿಂಡಿದರೆ ಇನ್ನೊಂದರಲ್ಲಿ ಹರಡಿಸುತ್ತದೆ, ಅದಕ್ಕೇ ಮುಂದಿನ ಅಯಸ್ಕಾಂತವನ್ನು ತಿರುಗಿಸಿ ಇಡಬೇಕು ಎನ್ನುತ್ತಿದ್ದರು. ಸೀಟಿನ ಆಸೆಗೆ ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತು ಮುಂಬೈಗೆ ಹೊರಡುವ ಡೊಂಬಿವಲಿಯವರನ್ನು ಕಂಡರೆ ಅವರಿಗೆ ವಿಶೇಷ ಗೌರವ. ಒಂದು ಸುತ್ತು ಹೆಚ್ಚು ಹೊಡೆದು ಶಕ್ತಿ ಹೆಚ್ಚಿಸಿಕೊಂಡ ಕಣಗಳಲ್ಲವೇ! ಒಮ್ಮೆ ತಳ್ಳಾಟದಲ್ಲಿ ನಾನು ಪ್ಲಾಟ್‌ಫಾರ್ಮಿನ ಕಂಬಕ್ಕೆ ಹೋಗಿ ಬಡಿದೆ. ಪೆಟ್ಟಾಯಿತೇ ಎಂದು ಕೇಳಿದರೇ? ಒಂದು ಕಣ ಗೋಡೆಗೆ ಬಡಿದು ನಷ್ಟವಾಯಿತು, ಬರೆದುಕೊಳ್ಳಿ ಎಂದು ಕ್ಲಾಸಿಗೆ ಹೇಳಿದರು.

ವಾಶಿಯಲ್ಲಿ ಅಕ್ಕನ ಮದುವೆ. ಊಟದ ನೂಕುನುಗ್ಗಲು ತಪ್ಪಿಸಲು ಮಾವ ಬಾಗಿಲ ಬಳಿ ಮೇಜುಗಳನ್ನು ಓರೆಯಾಗಿ ಇಟ್ಟು ‘ಧಾರೆ’ ಸರಿಪಡಿಸಿದರು. ನೆಂಟರೆಲ್ಲ ಸಲೀಸಾಗಿ ಒಳಗೆ ಹೋದರು, ಮದುಮಗ ಮಾತ್ರ ಪೇಟದ ಸಮೇತ ಸಿಕ್ಕಿಬಿದ್ದ. ಅಮ್ಮ ಎರಡು ತಿಂಗಳು ತಮ್ಮನ ಜೊತೆ ಮಾತು ಬಿಟ್ಟಳು.

ಇಷ್ಟೆಲ್ಲ ಹೇಳುವ ಮಹಾಶಯರು ಅಂಥ ಒಂದು ಯಂತ್ರವನ್ನೂ ಕಣ್ಣಾರೆ ಕಂಡವರಲ್ಲ! ಸಾಯುವುದರೊಳಗೆ ಒಮ್ಮೆ ನೋಡಬೇಕೆಂದು ಅಮ್ಮನ ಹತ್ತಿರ ಹೇಳುತ್ತಲೇ ಇದ್ದರು. ವರ್ಷಗಟ್ಟಲೆ ಅರ್ಜಿ ಬರೆದ ಮೇಲೆ ಖಾಡಿಯ ಹಿನ್ನೀರಿನಾಚೆಯ ಪ್ರಯೋಗಾಲಯದಿಂದ ಹನ್ನೆರಡು ಜನರಿಗೆ ಅನುಮತಿ ಬಂತು. ಹನ್ನೊಂದು ವಿದ್ಯಾರ್ಥಿಗಳು, ಜೊತೆಗೆ ಮಾವ. ಹೆಣ್ಣು ನೋಡಲು ಹೊರಟವರ ಹಾಗೆ ಹೊಸ ಅಂಗಿ ಹೊಲಿಸಿಕೊಂಡರು.

ಗೇಟಿನಲ್ಲಿ ನೋಡಿದರೆ, ಅಪ್ಪ ಬಿಡುವುದಿಲ್ಲ ಎಂದು ಹಿಂದೆ ಸರಿದಿದ್ದ ನಮ್ಮ ಕ್ಲಾಸಿನ ಟಿಟ್ವಾಳಾದ ಹುಡುಗಿ ನಿಂತಿದ್ದಾಳೆ. ಅಪ್ಪನನ್ನು ಹೇಗೋ ಒಪ್ಪಿಸಿ ಬಂದಿದ್ದಳು. ಕಾವಲಿನವನು ತಲೆ ಎಣಿಸಿದ. ಹದಿಮೂರು. “ಬಾರಾ ಮತ್ಲಬ್ ಬಾರಾ, ಸಾಬ್.” ಹನ್ನೆರಡೆಂದರೆ ಹನ್ನೆರಡೇ.

ಮಾವ ಅವಳನ್ನು ಮುಂದಕ್ಕೆ ಕಳಿಸಿದರು. “ನಾನು ಬೇಕಾದಷ್ಟು ನೋಡಿದ್ದೇನೆ. ನೀವು ಹೋಗಿ ಬನ್ನಿ.”

ಶುದ್ಧ ಸುಳ್ಳು. ಅದು ಗೊತ್ತಿದ್ದವನು ನಾನೊಬ್ಬನೇ. ನನ್ನ ಜಾಗ ಅವರಿಗೆ ಬಿಟ್ಟುಕೊಡಬಹುದಿತ್ತು. ಬಿಟ್ಟುಕೊಡಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಮೂರು ಗಂಟೆ ಬಿಟ್ಟು ಹೊರಗೆ ಬಂದಾಗ ಮಾವ ಬಿಸಿಲಲ್ಲೇ ನಿಂತಿದ್ದರು. ಉಳಿದವರು ಬಸ್ಸಿನ ಕಡೆ ಹೋಗುವ ತನಕ ಕಾದು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಆ ಬೀಮ್ ಹೋಗುವ ಪೈಪು ಎಷ್ಟು ದಪ್ಪ ಉಂಟು ಮಾರಾಯ? ಕೈಯಲ್ಲಿ ತೋರಿಸು.”

ತೋರಿಸಿದೆ. ಅಳತೆ ಕದಲದಂತೆ ನನ್ನ ಎರಡೂ ಕೈ ಹಿಡಿದುಕೊಂಡು, ನಡುವಿನ ಆ ಖಾಲಿ ಜಾಗವನ್ನು ಮಾವ ತುಂಬ ಹೊತ್ತು ನೋಡಿದರು.