ಬೂಸಾನ್ ಬಂದರಿನ ಏಡಿಯವರಿಗೆ, ನನ್ನ ತೋಳು ಹಿಡಿದ ವಿಷಯವಾಗಿ

ಬೂಸಾನ್ ಬಂದರಿನ ತಣ್ಣನೆಯ ನೀರಿನಲ್ಲಿ ಸುಖವಾಗಿರುವ, ಎಂಟು ಕಾಲು ಎರಡು ಇಕ್ಕಳಗಳಿಂದ ಶೋಭಿಸುವ ಮಾನ್ಯ ಏಡಿಯವರೇ,

ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಸುಂಡ್‌ಬೀಬರ್ಯ್‌ನ ಬಾಡಿಗೆ ಫ್ಲ್ಯಾಟಿನಿಂದ ಮೋಯಿನ್ ಎಂಬ ಇಂಜಿನಿಯರ್ ತಮಗೆ ಸಲ್ಲಿಸುವ ಸವಿನಯ ವಂದನೆಗಳು. ಹೆಸರಿನಿಂದ ತಾವು ನನ್ನನ್ನು ಗುರುತಿಸಲಾರಿರಿ. ಕಳೆದ ಏಪ್ರಿಲ್‌ನಲ್ಲಿ, ಕೊರಿಯಾದ ಆ ಮೀನು ಮಾರುಕಟ್ಟೆಯಲ್ಲಿ ತಾವು ಬಿಗಿಯಾಗಿ ಹಿಡಿದುಕೊಂಡ ನೀಲಿ ಜಾಕೆಟ್ಟಿನ ಒಳಗಿದ್ದವನು ನಾನೇ.

ಕಂಪನಿಯ ಕೆಲಸ ಮುಗಿದು ಒಂದು ದಿನ ಬಿಡುವಿತ್ತು. ಜೊತೆಗೆ ಬಂದಿದ್ದ ನನ್ನ ಪತ್ನಿ ನಿಲೋಫರಳಿಗೆ ಪೇಟೆ ನೋಡುವ ಆಸೆಯಿತ್ತು. ಬೆಳಿಗ್ಗೆ ಗಲ್ಲಿಗಳಲ್ಲಿ ಅಲೆದೆವು, ಬೆಲ್ಲದ ಪಾಕ ತುಂಬಿದ, ಹೋಳಿಗೆಯ ದೂರದ ನೆಂಟನಂತಿದ್ದ ಬಿಸಿ ರೊಟ್ಟಿ ತಿಂದು ನಾಲಗೆ ಸುಟ್ಟುಕೊಂಡೆವು. ಸ್ಟಾಕ್‌ಹೋಮಿನ ಲೋಕಲ್ ರೈಲಿನ ನಿಶ್ಶಬ್ದಕ್ಕೆ ಹೊಂದಿಕೊಂಡು ದನಿಯನ್ನೇ ತಗ್ಗಿಸಿಕೊಂಡಿದ್ದ ನಿಲೋಫರ್, ಮೀನಿನ ಸಾಲಿಗೆ ಕಾಲಿಟ್ಟದ್ದೇ ತಡ, ಮೀನುಗಳ ಕಿವಿರು ಎತ್ತಿ ನೋಡುತ್ತಾ, ಒಂದಕ್ಷರ ಕೊರಿಯನ್ ಬಾರದೆಯೂ, ಮಾರುವ ಹೆಂಗಸರೊಂದಿಗೆ ಜೋರಾಗಿ ವಾದಕ್ಕಿಳಿದಳು. ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಅರ್ಥವಾಗದೆ ನಿಂತವನು ನಾನೊಬ್ಬನೇ.

ಆಗಲೇ ನಾನು ತಮ್ಮ ಫೋಟೊ ತೆಗೆಯಲು ತೊಟ್ಟಿಯ ಮೇಲೆ ಬಾಗಿದ್ದು, ತಾವು ನನ್ನ ತೋಳನ್ನು ಸ್ವೀಕರಿಸಿದ್ದು. ಕೆಂಪು ಕೈಗವಸಿನ ಅಂಗಡಿಯಾಕೆ ಎಳೆದರು, ತಾವು ಬಿಡಲಿಲ್ಲ. ಆಕೆ ತಮ್ಮ ಇಕ್ಕಳಕ್ಕೇ ಕತ್ತರಿ ಹಿಡಿದಾಗ ನಿಲೋಫರ್ ಅಡ್ಡ ಬಂದಳು.

"ಬೇಡ, ಬಿಡಿ ಮಾರಾಯ್ರೆ. ಅದಕ್ಕೂ ಹೆದ್ರಿಕೆ ಆಗಿದೆ. ನೀರು ತೋರ್ಸಿದ್ರೆ ತಾನೇ ಬಿಡ್ತದೆ."

ತೊಟ್ಟಿಯ ನೀರು ತಮಗೆ ರುಚಿಸಲಿಲ್ಲವಾದ್ದರಿಂದ ಸಮುದ್ರವನ್ನೇ ತೋರಿಸಬೇಕಾಯಿತು. ಮುಂದೆ ನಿಲೋಫರ್, ನಡುವೆ ತಮ್ಮನ್ನು ಧರಿಸಿದ ನಾನು, ಹಿಂದೆ ಅಂಗಡಿಯಾಕೆ ಮತ್ತು ಫೋನು ಹಿಡಿದ ಅರ್ಧ ಮಾರುಕಟ್ಟೆ: ನನ್ನ ಮದುವೆಯ ಮೆರವಣಿಗೆಗೂ ಅಷ್ಟು ಜನ ಸೇರಿರಲಿಲ್ಲ. ಕಟ್ಟೆಯ ಮೇಲೆ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿದೆ. ತಾವು ಸ್ವಲ್ಪ ಯೋಚಿಸಿ, ಬಿಟ್ಟು, ಪಕ್ಕಕ್ಕೆ ನಡೆದು ಹೋದಿರಿ. ಜನ ಚಪ್ಪಾಳೆ ತಟ್ಟಿದ್ದು ತಮಗೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಹಡಿಯ ಮೇಲಿನ ಹೋಟೆಲಿನಲ್ಲಿ ನಾನು ಒದ್ದೆ ತೋಳಿನಲ್ಲೇ ಮೀನು ಹೇಳಿ ಕೂತಾಗ, ನಿಲೋಫರ್ ಕೆಳಗಿನ ತೊಟ್ಟಿಗಳನ್ನೇ ನೋಡುತ್ತಾ ಕೇಳಿದಳು: "ನಾನೊಂದು ಏಡಿ ತಗೊಳ್ಳಾ?"

"ನೀನು ಏಡಿ ತಿಂತೀಯಾ?"

"ಉಳ್ಳಾಲದವಳು ತಿನ್ನದೆ ಇರ್ತಾಳಾ? ನಿಮ್ಮನೇಲಿ ಆಗಲ್ಲ ಅಂತ ನಮ್ಮ ಉಮ್ಮ ಹೇಳಿದ್ರು. ಬಿಟ್ಟೆ, ಅಷ್ಟೆ."

ಮಾನ್ಯರೇ, ದಾವಣಗೆರೆಯ ನಮ್ಮ ಮನೆಯವರು ಹನಫಿ ಪಂಥದವರು. ನೀರಿನ ಜೀವಿಗಳಲ್ಲಿ ನಮಗೆ ಮೀನು ಮಾತ್ರ ಸಲ್ಲುತ್ತದೆ. ಕರಾವಳಿಯ ಅವಳ ಮನೆಯವರು ಶಾಫಿ ಪಂಥದವರು. ಅವರಿಗೆ ತಮ್ಮ ಏಡಿ ಕುಲವೂ ಸಲ್ಲುತ್ತದೆ. ಅಂದು ನಿಲೋಫರ್ ತಮ್ಮ ತೊಟ್ಟಿಯ ನೆರೆಯವರೊಬ್ಬರನ್ನು ಕೊನೆಯ ಕಾಲಿನವರೆಗೆ, ಕಣ್ಣು ಮುಚ್ಚಿ ತಿಂದಳು. ಅಗಲಿದವರ ಕುಟುಂಬಕ್ಕೆ ನನ್ನ ಸಂತಾಪಗಳು. ಇಬ್ಬರ ಮನೆಯ ಹಿರಿಯರೂ ಎರಡು ದೇಶಗಳ ವೀಸಾ ಅಧಿಕಾರಿಗಳೂ ನನ್ನ ಪತ್ನಿಯ ಬಗ್ಗೆ ನನಗೆ ತಿಳಿಸದೆ ಉಳಿಸಿದ್ದನ್ನು ತಾವು ಒಂದೇ ಇಕ್ಕಳದಿಂದ ಹೊರಗೆಳೆದಿರಿ. ಇಂಥ ದಕ್ಷತೆಯನ್ನು ನಾನು ಯಾವ ಇಲಾಖೆಯಲ್ಲೂ ಕಂಡಿಲ್ಲ.

ಪರಿಣಾಮವನ್ನು ಕೇಳಿ. ಸ್ವೀಡನ್ನಿನವರು ಆಗಸ್ಟ್‌ನಲ್ಲಿ ಕಾಗದದ ಟೋಪಿ ಹಾಕಿಕೊಂಡು ಏಡಿ ಕುಲದ ಸಣ್ಣ ದಾಯಾದಿಗಳಾದ ಸಿಹಿನೀರಿನ ಸೀಗಡಿಗಳನ್ನು ತಿನ್ನುವ ಔತಣ ನಡೆಸುತ್ತಾರೆ. ಮೇಲಿನ ಮಹಡಿಯ ಗುನಿಲ್ಲಾ ಪ್ರತಿ ವರ್ಷ ಕರೆದಾಗಲೂ ನಾನು ಇಬ್ಬರ ಪರವಾಗಿ ನಯವಾಗಿ ನಿರಾಕರಿಸುತ್ತಿದ್ದೆ. ಈ ಬಾರಿ ನಿಲೋಫರ್ ಬಾಗಿಲಲ್ಲೇ ಒಪ್ಪಿಕೊಂಡು, ತೆಂಗಿನಕಾಯಿ ಮಸಾಲೆ ಅರೆದು ಒಯ್ದಳು. ಗುನಿಲ್ಲಾ ಮೂಗು ಒರೆಸಿಕೊಳ್ಳುತ್ತಾ ಮತ್ತೆ ಮತ್ತೆ ಬಡಿಸಿಕೊಂಡರು. ನಿಲೋಫರಳ ನಗು ಅಂಗಳದಾಚೆಗೂ ಕೇಳುತ್ತಿತ್ತು. ಎದುರು ಕಟ್ಟಡದ ಕಿಟಕಿಯೊಂದು ಮುಚ್ಚಿಕೊಂಡಿತು, ಎರಡು ತೆರೆದುಕೊಂಡವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ: ತಾವು ದಯವಿಟ್ಟು ಕಾಲುಗಳನ್ನೆಲ್ಲ ತ್ಯಜಿಸಿ, ಈಜುರೆಕ್ಕೆ, ಬಾಲ ಬೆಳೆಸಿಕೊಂಡು, ಸಕುಟುಂಬ ಮೀನಾಗಿ ಪರಿವರ್ತನೆ ಹೊಂದಬೇಕು, ಹಾಗಾದರೆ ನಾನೂ ಅವಳ ಜೊತೆ ಅದೇ ತಟ್ಟೆಗೆ ಕೈಹಾಕಬಹುದು. ಅದು ಕೂಡಲೇ ಸಾಧ್ಯವಿಲ್ಲದಿದ್ದರೆ ಅವಸರವಿಲ್ಲ. ಔತಣದ ಆ ಸಂಜೆ ನಿಲೋಫರ್ ಮಾತಿನ ನಡುವೆ, ನನ್ನತ್ತ ನೋಡದೆಯೇ, ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಬೇಯಿಸಿದ ಆಲೂಗಡ್ಡೆಯನ್ನು ಪಕ್ಕಕ್ಕಿಟ್ಟು, ಒಂದೊಂದೇ ಸೀಗಡಿಯ ಚಿಪ್ಪು ಒಡೆದು ಅವಳಿಗೆ ಕೊಡುತ್ತಾ ಹೋದೆ.

ತೋಳು ಹಿಡಿದ ದೂರನ್ನು ಇನ್ನೂ ಹಿಂಪಡೆಯದ, ಆದರೂ ತಮ್ಮ ವಿಶ್ವಾಸಿ,
ಮೋಯಿನ್

ತಾ.ಕ.: ಮುಂದಿನ ಬೇಸಿಗೆಗೆ ನಮ್ಮ ಅತ್ತೆಯವರು ಉಳ್ಳಾಲದಿಂದ ಬರುತ್ತಿದ್ದಾರೆ. ಅವರು ಮಗಳಷ್ಟು ಮೃದು ಸ್ವಭಾವದವರಲ್ಲ. ಇಲ್ಲಿನ ಉತ್ತರದ ಸಮುದ್ರಗಳಲ್ಲಿ ತಮ್ಮ ಬಂಧುಗಳು ಯಾರಾದರೂ ಇದ್ದರೆ, ರಜೆ ಹಾಕಿ ಊರಿಗೆ ಬರಲು ಈಗಲೇ ತಿಳಿಸುವುದು ಒಳ್ಳೆಯದು.