ನಾಲ್ಕನೆಯ ಮೂಲೆ

ಶುಕ್ರವಾರ ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇರುವಾಗಲೇ, ರೊಸೆಂದೋ ಕಿಸ್ಬೆರ್ತ್ ಒಂದು ಮಾತು ಆಡಿಬಿಟ್ಟ: "ಇವತ್ತು ಹೊಸ ಲ್ಯಾಪ್‌ಟಾಪ್ ತರ್ತೀನಿ." ನೊರೆ ಉಗುಳಿ ಸುಮ್ಮನೆ ಒಳಗೆ ಹೋಗಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಪಕ್ಕದಲ್ಲಿ ಆಲೂಗೆಡ್ಡೆ ತೊಳೆಯುತ್ತಿದ್ದ ಮನೆಯೊಡತಿ ದೋನ್ಯಾ ಕಸಿಮಿರಾ ತಲೆ ಎತ್ತಿದರು.

"ಹೊಸದಾ? ಅದಕ್ಕೆ ಧರ್ಮತಂದೆ ಯಾರು?"

"ಲ್ಯಾಪ್‌ಟಾಪಿಗೆ ಧರ್ಮತಂದೆ ಯಾಕೆ ದೋನ್ಯಾ?"

"ಯಾಕೆ ಅಂತೆ! ನೆಲೀದಾ ಹೊಲಿಗೆ ಯಂತ್ರಕ್ಕೆ ಒಬ್ಬ ಇದ್ದ. ನನ್ನ ಫ್ರಿಜ್ಜಿಗೆ ಇಬ್ಬರಿದ್ರು. ನಿಂದೇನು ಅನಾಥ ಮಗುವಾ? ಅದೂ ಇವತ್ತು ತಿಂಗಳ ಮೊದಲ ಶುಕ್ರವಾರ. ಚಲ್ಯಾ ಆಗದೆ ಅದು ಹೊಸ್ತಿಲು ದಾಟೋ ಹಾಗಿಲ್ಲ, ಹೇಳಿದ್ದೀನಿ."

ಚಲ್ಯಾ ಎಂದದ್ದೇ ತಡ, ರೊಸೆಂದೋನ ಹಲ್ಲು ಝುಮ್ಮೆಂದಿತು. ಹೊಸ ವಸ್ತು ಮನೆಗೆ ಬಂದರೆ ಭೂತಾಯಿ ಪಚಮಾಮಾಳ ಹೆಸರಿನಲ್ಲಿ ಬಿಯರ್ ಎರೆದು, ಬಣ್ಣದ ಕಾಗದದ ಚೂರು ತೂರಿ, ಅದಕ್ಕೆ ಆಯುಸ್ಸು ಬೇಡುವುದನ್ನು ಲಾ ಪಾಸ್‌ನಲ್ಲಿ ಯಾರೂ ತಪ್ಪಿಸುವುದಿಲ್ಲ. ಅವನ ಕಣ್ಣಮುಂದೆ ಬಂದದ್ದು ಏಳನೆಯ ವಯಸ್ಸಿನಲ್ಲಿ ಕಂಡ ನೋಟ: ಎದುರು ಕೋಣೆಯ ದೋನ್ ಸಿಪ್ರಿಯಾನೋ ತಮ್ಮ ಹೊಸ ಮಿನಿಬಸ್ಸಿನ ನೆತ್ತಿಯಿಂದ ಗಾಲಿಯವರೆಗೆ ಆರು ಬಾಟಲಿ ಸುರಿದಿದ್ದರು. ಮಿನಿಬಸ್ಸು ತಡೆದುಕೊಂಡಿತ್ತು. ಲ್ಯಾಪ್‌ಟಾಪ್ ತಡೆದುಕೊಂಡೀತೆ?

ತಡೆದುಕೊಳ್ಳದಿದ್ದರೆ ಅವನ ಗತಿ ಮುಗಿದಂತೆ. ಕಟ್ಟಡ ಕಟ್ಟುವ ಮೊದಲೇ ಅದನ್ನು ಪರದೆಯ ಮೇಲೆ ನಿಲ್ಲಿಸಿ, ಒಳಗೆಲ್ಲ ಸುತ್ತಾಡಿಸಿ ತೋರಿಸುವುದು ಅವನ ಕಸುಬು. ಒರೂರೋದಲ್ಲಿ ಮದುವೆ ಸಭಾಂಗಣ ಕಟ್ಟಿಸುತ್ತಿದ್ದ ಸೆನ್ಯೋರಾ ಓರ್ತೆನ್ಸಿಯಾಗೆ ಹೋದ ತಿಂಗಳು ಅದನ್ನು ತೋರಿಸಲು ಹೋಗಿದ್ದ. ಹಳೆಯ ಲ್ಯಾಪ್‌ಟಾಪ್ ಮೆಟ್ಟಿಲ ಬಳಿ ನಿಂತದ್ದು ನಿಂತೇಬಿಟ್ಟಿತು. ಒಂದು ಮೆಟ್ಟಿಲಿಗೆ ಹನ್ನೊಂದು ನಿಮಿಷ. ಅವನು ಗಡಿಯಾರ ಹಿಡಿದು ಅಳೆದಿದ್ದ. "ಶನಿವಾರ ಬೆಳಿಗ್ಗೆ ಇನ್ನೊಂದ್ಸಲ ನೋಡ್ತೀನಿ," ಎಂದು ಆಕೆ ನಿನ್ನೆ ಫೋನಿನಲ್ಲಿ ಹೇಳಿದ್ದರು, "ಮತ್ತೆ ನಿಂತ್ರೆ ಕೆಲಸ ಕೊಚಬಾಂಬಾದವನಿಗೆ." ಇವತ್ತು ಸಂಜೆ ಆರಕ್ಕೆ ಒರೂರೋದ ಬಸ್ಸು.

ಆದ್ದರಿಂದ ಅವನು ಹನ್ನೊಂದು ಕಾಲಮ್ಮಿನ ಪಟ್ಟಿ ತಯಾರಿಸಿಕೊಂಡಿದ್ದ. ತೂಕ, ಬಿಸಿ, ಬ್ಯಾಟರಿ, ಪರದೆಯ ಬಣ್ಣ, ಚಿತ್ರ ಬಿಡಿಸುವ ವೇಗ, ಹೀಗೆ ಹತ್ತು. ಹನ್ನೊಂದನೆಯ ಕಾಲಮ್ಮಿಗೆ ತಲೆಬರಹ ಇರಲಿಲ್ಲ. ಅದು ಆಟದ್ದು. ಮಂಜಿನ ಬೆಟ್ಟದಲ್ಲಿ ಲಾರಿ ಓಡಿಸುವ ಒಂದು ಆಟಕ್ಕಾಗಿ ಅವನು ಎರಡು ವರ್ಷದಿಂದ ಜೀವ ಹಿಡಿದುಕೊಂಡಿದ್ದ. ಮೂವತ್ತನಾಲ್ಕು ವಯಸ್ಸಿನ ಗಂಡಸು ಇದನ್ನು ದೋನ್ಯಾ ಕಸಿಮಿರಾಗೆ ಹೇಳಲಾದೀತೆ?

ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಲೊಯ್ ಸಾಲ್ಮೋನ್ ಬೀದಿಗೆ ಒಬ್ಬನೇ ಹೋಗಬೇಕೆಂದು ಬಾಗಿಲು ತೆಗೆದರೆ, ಹೊರಗೆ ದೋನ್ ಸಿಪ್ರಿಯಾನೋ ಕೋಟು ತೊಟ್ಟು, ಟೋಪಿ ಹಾಕಿ, ಮದುವಣಿಗನಂತೆ ನಿಂತಿದ್ದರು.

"ನಡಿ ಮಗಾ. ಧರ್ಮತಂದೆ ಇಲ್ಲದೆ ಆರಿಸೋಕಾಗತ್ತಾ?"

ಅಂಗಡಿಯಾಕೆ ದಪ್ಪ ಜಡೆಗಳನ್ನು ಹಿಂದಕ್ಕೆ ಎಸೆದು, ಗಿರಾಕಿಯನ್ನು ಕರೆಯುವ ರೂಢಿಯ ಮಾತಿನಲ್ಲಿ ಕೇಳಿದಳು: "ಯಾತಕ್ಕೆ ಬೇಕು ಕಸೇರೋ? ಆಟಕ್ಕಾ, ಚಿತ್ರದ ಕೆಲಸಕ್ಕಾ, ಓಡಾಟಕ್ಕಾ?"

"ಮೂರಕ್ಕೂ," ಎಂದ ರೊಸೆಂದೋ, ಆಟ ಎಂಬಲ್ಲಿ ಕೆಮ್ಮುತ್ತ.

"ಮೂರಕ್ಕೂ ಆಗೋ ಲ್ಯಾಪ್‌ಟಾಪೂ ಇಲ್ಲ, ಗಂಡನೂ ಇಲ್ಲ. ಎರಡು ಹೇಳಿ."

ಅವಳು ಮೂರು ಯಂತ್ರಗಳನ್ನು ಮುಂದಿಟ್ಟಳು. ರೊಸೆಂದೋ ಪಟ್ಟಿ ಬಿಚ್ಚಿ ಗುರುತು ಹಾಕತೊಡಗಿದರೆ, ದೋನ್ ಸಿಪ್ರಿಯಾನೋ ಒಂದೊಂದನ್ನೇ ಕುಂಬಳಕಾಯಿಯ ಹಾಗೆ ಎತ್ತಿ, ತಟ್ಟಿ, ಕಿವಿಗೆ ಹಿಡಿದು ಕೇಳಿದರು.

"ಇದು ಉಸಿರಾಡ್ತಿಲ್ಲ. ಇದೂ ಅಷ್ಟೆ, ಶೀತ ಆದವರ ಮೂಗು. ಇದು ನೋಡು! ಬೆನ್ನಲ್ಲಿ ಎಷ್ಟು ದೊಡ್ಡ ಬಾಯಿ! ಎಲ್ ಆಲ್ತೋ ಏರು ಹತ್ತುವಾಗ ನನ್ನ ಬಸ್ಸು ಯಾಕೆ ಕಾಯ್ತಿತ್ತು? ಇಲ್ಲಿ ಗಾಳಿನೇ ತೆಳು ಕಣೋ. ಬಾಯಿ ದೊಡ್ಡದಿದ್ದಷ್ಟೂ ಒಳ್ಳೇದು."

ರೊಸೆಂದೋ ಬೆರಗಾದ. ಮೂರು ಸಾವಿರದ ಆರುನೂರು ಮೀಟರ್ ಎತ್ತರದಲ್ಲಿ ಫ್ಯಾನು ಎಷ್ಟು ತಿರುಗಿದರೂ ಅದಕ್ಕೆ ಸಿಗುವ ಗಾಳಿ ಕಡಿಮೆ. ಸಮುದ್ರಮಟ್ಟದಲ್ಲಿ ತಣ್ಣಗಿರುವ ಯಂತ್ರ ಇಲ್ಲಿ ದೋಸೆ ಹೆಂಚಾಗುತ್ತದೆ. ಇದನ್ನು ಲೆಕ್ಕ ಹಾಕಲು ಅವನಿಗೆ ಮೂರು ದಿನ ಹಿಡಿದಿತ್ತು. ಹಿಂಬದಿಯಲ್ಲಿ ಸಾಲಾಗಿ ಅಗಲ ಕಿಂಡಿಗಳಿದ್ದ ಆ ಮೂರನೆಯ ಯಂತ್ರವನ್ನೇ ಅವನೂ ಆರಿಸಿದ. ಕೊಸರಿಗೆಂದು ಒಂದು ಮೌಸ್ ಕೇಳಿ ಪಡೆದ. ಹೊರಡುವ ಮುನ್ನ, ಧರ್ಮತಂದೆಗೆ ಕೇಳದಂತೆ, "ಇದರ ಮೇಲೆ ಬಿಯರ್ ಬಿದ್ರೆ?" ಎಂದು ಪಿಸುಗುಟ್ಟಿದ.

"ಒಂದು ಲೋಟ ಒಳಗೆ ಹೋದ್ರೆ ಗ್ಯಾರಂಟಿ ಮರೆತುಬಿಡಿ ಕಸೇರೋ. ಆಫ್ ಆಗಿದ್ರೆ ಒಣಗಿಸಿ ನೋಡಬಹುದು. ಆನ್ ಆಗಿದ್ರೆ ಹೂವು ತನ್ನಿ."

ಮರಳುವಾಗ ಕೇಬಲ್ ಕಾರಿನ ಡಬ್ಬಿಯಲ್ಲಿ ಎಂಟು ಜನ. ನಗರ ಕಾಲ ಕೆಳಗೆ ತೂಗುತ್ತಿತ್ತು, ಯಾರೂ ಅದನ್ನು ನೋಡಲಿಲ್ಲ; ಎಲ್ಲರೂ ದೋನ್ ಸಿಪ್ರಿಯಾನೋರ ತೊಡೆಯ ಮೇಲಿದ್ದ ಪೆಟ್ಟಿಗೆ ನೋಡಿದರು.

"ನಮ್ಮ ಹುಡುಗಂದು. ನಾನೇ ಧರ್ಮತಂದೆ," ಎಂದರು ಅವರು ಎಲ್ಲರಿಗೂ. "ನಾಲ್ಕು ಗಂಟೆಗೆ ಚಲ್ಯಾ. ಬನ್ನಿ, ಬಿಯರ್ ಆರು ಬಾಟಲಿ ಹೇಳಿದ್ದೀನಿ."

"ಆರಾ?" ರೊಸೆಂದೋನ ದನಿ ಕೀರಲಾಯಿತು.

"ಕಡಿಮೆ ಆಯ್ತಾ? ಎಂಟು ಮಾಡೋಣ ಬಿಡು."

ಮನೆ ಮುಟ್ಟಿದಾಗ ಎರಡೂವರೆ. ರೊಸೆಂದೋ ಒಳಗಿನಿಂದ ಚಿಲಕ ಹಾಕಿದ. ಬೇಡ ಎಂದರೆ ಇಪ್ಪತ್ತೇಳು ವರ್ಷದ ನೆರೆಹೊರೆಯ ಸ್ನೇಹ ಮುರಿಯುತ್ತದೆ. ಸರಿ ಎಂದರೆ ಲ್ಯಾಪ್‌ಟಾಪ್ ಸಾಯುತ್ತದೆ. ವಿಜ್ಞಾನ ಓದಿದವನಿಗೆ ಮೂರನೆಯ ದಾರಿ ಇದ್ದೇ ಇರುತ್ತದೆ: ಚಲ್ಯಾ ಹಳೆಯದಕ್ಕೆ ಆಗಲಿ.

ಮೊದಲು ಒರೂರೋದ ಚಿತ್ರಗಳನ್ನು ಹೊಸದಕ್ಕೆ ನಕಲು ಮಾಡಿದ. ಸಭಾಂಗಣದ ಮೆಟ್ಟಿಲನ್ನು ಒಮ್ಮೆ ಹತ್ತಿ ನೋಡಿದ. ಮೇಕೆಮರಿಯಂತೆ ಒಂದೇ ಉಸಿರಿಗೆ ಮೇಲೆ! ಅವನ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಯಂತ್ರವನ್ನು ಆಫ್ ಮಾಡಿಡಬಹುದಿತ್ತು. ಆದರೆ ಲಾರಿ ಆಟ ಹಾಕಿಕೊಳ್ಳಲು ಎರಡು ಗಂಟೆ ಬೇಕು, ಬಸ್ಸಿನಲ್ಲಿ ನಾಲ್ಕು ಗಂಟೆ ಸುಮ್ಮನೆ ಕೂರಬೇಕು. ಆಟ ಇಳಿಸಲು ಹಚ್ಚಿದ.

ಇನ್ನು ಅಡಗಿಸುವ ಜಾಗ. ಬೀರುವಿನ ಹಿಂದಿನ ಮೂಲೆಯಲ್ಲಿ ನೆಲದ ಹಲಗೆ ಕೊಳೆತು ಮಣ್ಣು ಕಾಣುತ್ತಿತ್ತು. ಅಲ್ಲಿಗೆ ಯಾರೂ ಹಣಕುವುದಿಲ್ಲ, ಪ್ಲಗ್ಗೂ ಅಲ್ಲೇ ಇತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಲು ಹೋಗಿ ತಡೆದ. ಓಡುವ ಯಂತ್ರ, ಬೆವರುತ್ತದೆ. ಉಣ್ಣೆಯ ಕಂಬಳಿ ಸುತ್ತಿ, ಉಸಿರಿಗೆ ತೊಂದರೆಯಾಗದಂತೆ ಕಿಂಡಿಗಳ ಸಾಲನ್ನು ಮೇಲಕ್ಕೆ ತೆರೆದಿಟ್ಟು, ಲಂಬವಾಗಿ ನಿಲ್ಲಿಸಿದ. ಹಳೆಯದನ್ನು ಒರೆಸಿ ಮೇಜಿನ ಮೇಲೆ ಹೊಸ ಪೆಟ್ಟಿಗೆಯ ಪಕ್ಕ ಇಟ್ಟ.

ನಾಲ್ಕಕ್ಕೆ ಸರಿಯಾಗಿ ವಠಾರ ಒಳನುಗ್ಗಿತು. ಕೇಬಲ್ ಕಾರಿನ ಇಬ್ಬರು ಅಪರಿಚಿತರೂ ಇದ್ದರು.

"ಇದರ ಮೂಲೆ ಸವೆದಿದೆಯಲ್ಲೋ?" ದೋನ್ಯಾ ಕಸಿಮಿರಾ ಕಣ್ಣು ಕಿರಿದು ಮಾಡಿದರು.

"ಈಗ ಹಾಗೇ ಬರೋದು ದೋನ್ಯಾ. ಹೊಸ ಮಾದರಿ."

"ಅದೇನು ಗುಂಯ್ ಅಂತಿದೆ, ಬೀರು ಹಿಂದೆ?"

"ಇಲಿ."

"ಇಲಿ ಗುಂಯ್ ಅನ್ನತ್ತಾ?"

"ದೊಡ್ಡ ಇಲಿ."

ಹೊಲಿಗೆಯ ನೆಲೀದಾ ಕಾಗದದ ಚೂರು ತೂರಿದಳು. ಹಳೆಯ ಲ್ಯಾಪ್‌ಟಾಪಿಗೆ ಬಣ್ಣದ ಸುರುಳಿಗಳ ಹಾರ ಬಿತ್ತು. ದೋನ್ ಸಿಪ್ರಿಯಾನೋ ಮೊದಲ ಬಾಟಲಿಯ ಮುಚ್ಚಳ ಹಾರಿಸಿದರು. ರೊಸೆಂದೋ ಕೈಕಟ್ಟಿ ನಿಂತು, ಒಳಗೊಳಗೇ ನಗುತ್ತ, ಸುರಿಯಲಿ ಎಂದುಕೊಂಡ.

ದೋನ್ ಸಿಪ್ರಿಯಾನೋ ತಮ್ಮ ಟೋಪಿ ತೆಗೆದು ಲ್ಯಾಪ್‌ಟಾಪಿನ ಮೇಲೆ ಜೋಪಾನವಾಗಿ ಮುಚ್ಚಿದರು.

"ಅದ್ಯಾಕೆ?" ರೊಸೆಂದೋನ ನಗು ಅರ್ಧಕ್ಕೆ ನಿಂತಿತು.

"ಹನಿ ಸಿಡಿದೀತು ಮಗಾ. ಕರೆಂಟಿನ ವಸ್ತು."

"ಅಂದ್ರೆ... ಇದರ ಮೇಲೆ ಸುರಿಯಲ್ವಾ?"

ಕೋಣೆಯಲ್ಲಿ ನಗೆ ಭೋರ್ಗರೆಯಿತು. "ಕೇಳಿದ್ರಾ, ಓದಿದವನ ಮಾತು!" ದೋನ್ಯಾ ಕಸಿಮಿರಾ ಸೆರಗಿನಂತೆ ಹೊದ್ದ ಶಾಲಿನಿಂದ ಕಣ್ಣೊರೆಸಿಕೊಂಡರು. "ಫ್ರಿಜ್ಜಿನೊಳಗೆ ಬಿಯರ್ ಸುರಿದಿದ್ನೇನೋ ನಾನು? ಬಸ್ಸು ಬೇರೆ, ಇದು ಬೇರೆ. ಕರೆಂಟಿನ ವಸ್ತು ಆದ್ರೆ ಭೂತಾಯಿಗೆ ಕೊಡೋದು. ಕೋಣೆಯ ನಾಲ್ಕು ಮೂಲೆಗೆ."

ನಾಲ್ಕು ಮೂಲೆ ಎಂದದ್ದೇ ತಡ, ರೊಸೆಂದೋ ಬೀರುವಿನತ್ತ ತಿರುಗಿ ನೋಡಿದ.

ಕಿಟಕಿಯ ಮೂಲೆಗೆ ಒಂದಿಷ್ಟು. ಬಾಗಿಲ ಮೂಲೆಗೆ ಒಂದಿಷ್ಟು. ಮಂಚದ ಮೂಲೆಗೆ ಒಂದಿಷ್ಟು. ದೋನ್ ಸಿಪ್ರಿಯಾನೋ ಹೊಸ ಬಾಟಲಿ ತೆರೆದು ಬೀರುವಿನತ್ತ ತಿರುಗಿದರು.

"ಅಲ್ಲಿ ಬೇಡ!" ರೊಸೆಂದೋ ಜನರ ನಡುವೆ ನುಗ್ಗಿದ. ನೆಲೀದಾ ಅವನ ತಲೆಯ ಮೇಲೆ ಒಂದು ಬೊಗಸೆ ಕಾಗದ ಸುರಿದಳು. ಅರ್ಧ ಬಾಯಿಗೆ ಹೋಯಿತು. "ಅಲ್ಲಿ... ಥೂ... ಇಲಿ!"

"ಇಲಿಗೂ ಒಂದು ಗುಟುಕು ಸಿಗ್ಲಿ ಬಿಡು."

"ದೋನ್ ಸಿಪ್ರಿಯಾನೋ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಟಲಿ ದಂಡ ಮಾಡ್ಬೇಡಿ!"

"ನೋಡಿ, ಎಂಥ ಸಂಕೋಚದ ಹುಡುಗ!" ಎಂದರು ದೋನ್ಯಾ ಕಸಿಮಿರಾ. "ದಂಡ ಅಲ್ಲ ಮಗಾ. ಹಲಗೆ ಇಲ್ಲದೆ ಬರೀ ಮಣ್ಣಿರೋದು ಅದೊಂದೇ ಮೂಲೆಲಿ. ಭೂತಾಯಿ ಬಾಯಿ ಅದೇ. ಪೂರ್ತಿ ಬಾಟಲಿ ಹಾಕಿ ಸಿಪ್ರಿಯಾನೋ."

ನಿಜ ಹೇಳಬೇಕೆಂದು ರೊಸೆಂದೋ ಬಾಯಿ ತೆರೆದ. ಮೇಜಿನ ಮೇಲೆ ಧರ್ಮತಂದೆಯ ಟೋಪಿ ಹಳೆಯ ಲ್ಯಾಪ್‌ಟಾಪನ್ನು ಕಾಯುತ್ತಿತ್ತು. ನಿಮಗೆ ಮೋಸಮಾಡಿದೆ ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಅವನು ಅದನ್ನು ಯೋಚಿಸುವಷ್ಟರಲ್ಲಿ ಉದ್ದನೆಯ ಕೈ ಬೀರುವಿನ ಹಿಂದೆ ಚಾಚಿ ಬಾಟಲಿ ಬೋರಲಾಗಿತ್ತು.

ಗಳಗಳ ಗಳಗಳ. ಗುಂಯ್‌ಗುಡುವುದು ನಿಂತಿತು.

ದೋನ್ ಸಿಪ್ರಿಯಾನೋ ಬಾಗಿ ನೆಲ ನೋಡಿದರು. "ಅಬ್ಬಾ! ಒಂದು ಹನಿ ಹೊರಗೆ ಹರೀಲಿಲ್ಲ! ಎಲ್ಲಾ ಒಳಗೇ ಎಳ್ಕೊಂಡಳು. ಎಂಥ ಬಾಯಾರಿಕೆ!"

"ದೊಡ್ಡ ಬಾಯಿ," ಎಂದ ರೊಸೆಂದೋ, ಯಾರಿಗೂ ಕೇಳದಷ್ಟು ಮೆಲ್ಲಗೆ.

"ಇನ್ನು ಆನ್ ಮಾಡು, ನೋಡೋಣ!"

ಅವನು ಟೋಪಿ ಸರಿಸಿ ಗುಂಡಿ ಒತ್ತಿದ. ಹಳೆಯ ಲ್ಯಾಪ್‌ಟಾಪ್ ನರಳಿತು, ಕೆಮ್ಮಿತು, ಬಹಳ ಹೊತ್ತಿನ ಮೇಲೆ ಕಣ್ಣು ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒರೂರೋದ ಸಭಾಂಗಣ ಮೂಡಿತು, ಬಾಗಿಲು ದಾಟಿತು, ಮೊದಲ ಮೆಟ್ಟಿಲ ಬಳಿ ಬಂದು ನಿಂತಿತು. ಗಡಿಯಾರದಲ್ಲಿ ಐದು ಕಾಲು.

"ಅವಸರ ಮಾಡಲ್ಲ ನೋಡಿ, ಗಂಭೀರ ಸ್ವಭಾವ," ಎಂದರು ದೋನ್ ಸಿಪ್ರಿಯಾನೋ ಹೆಮ್ಮೆಯಿಂದ.

ಅಷ್ಟರಲ್ಲಿ ಬೀರುವಿನ ಹಿಂದಿನಿಂದ ಚಟ್ ಎಂದು ಒಂದು ಸದ್ದಾಯಿತು. ಬೆನ್ನಿಗೇ ಸುಟ್ಟ ಉಣ್ಣೆಯ ಸಣ್ಣ ವಾಸನೆ.

ಎಲ್ಲರೂ ಅತ್ತ ತಿರುಗಿದರು. ದೋನ್ಯಾ ಕಸಿಮಿರಾ ಎದೆಯ ಮೇಲೆ ಕೈ ಇಟ್ಟು, ಮುಖ ಅರಳಿಸಿ, ರೊಸೆಂದೋನ ಬೆನ್ನು ತಟ್ಟಿದರು.

"ಕೇಳಿಸ್ತಾ ಮಗಾ? ತೃಪ್ತಿಯಾಗಿ ತೇಗಿದಳು."